ರ‍್ಯಾಂಪ್ ಮೇಲಿನ ಬಟ್ಟೆಯನ್ನು ಡೊಂಬಿವಲಿ ಲೋಕಲ್‌ಗೆ ಹೊಂದಿಸಿಕೊಳ್ಳುವುದು ಹೇಗೆ?

2025ರ ಜೂನ್‌ನಲ್ಲಿ ಮಿಲಾನ್ ನಗರದಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರ ಗಂಡಸರ ಉಡುಪಿನ ಶೋ ನಡೆಯಿತು. ಅದರ ಫೋಟೊ ನಮ್ಮ ವಾಟ್ಸಾಪ್ ಗುಂಪಿಗೂ ಬಂತು. ಅಂಗಿ, ಪ್ಯಾಂಟು ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ಹೋದದ್ದು ಮಾಡೆಲ್‌ನ ಕಾಲಿಗೆ. ಚಪ್ಪಟೆ ಅಟ್ಟೆ, ಹೆಬ್ಬೆರಳಿಗೆ ಉಂಗುಷ್ಟ, ಮೇಲೆ ಅಗಲ ಪಟ್ಟಿ. ನಮ್ಮ ಸೋದರಮಾವ ಅಥಣಿಯಿಂದ ತಂದು ಪಡಸಾಲೆ ಬಾಗಿಲಲ್ಲಿ ಬಿಡುತ್ತಿದ್ದ ಚಪ್ಪಲಿ ಅದೇ! ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲೇ ಜಿಐ ಗುರುತು, ಅಂದರೆ ಇದು ಇಂಥ ಊರಿನದೇ ಎಂಬ ಸರ್ಕಾರಿ ಗುರುತು, ಸಿಕ್ಕಿದೆ. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಗಲಾಟೆ ಎದ್ದ ಮೇಲೆ, ಇದು ಭಾರತದ ಕಸುಬಿನಿಂದ ಬಂದದ್ದು ಎಂದು ಕಂಪನಿಯವರು ಒಪ್ಪಿಕೊಂಡರು.

ಅವತ್ತಿನವರೆಗೂ ರ‍್ಯಾಂಪ್ ಅಂದರೆ ನಮಗೆ ಸಂಬಂಧವಿಲ್ಲದ ಲೋಕ ಅಂತ ತುಂಬಾ ಜನ ಅಂದುಕೊಂಡಿದ್ದರು. ನಾನು ಧಾರವಾಡದವಳು. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಹದಿನಾಲ್ಕು ವರ್ಷ ಆಯಿತು. ದಿನಾ ಲೋಕಲ್ ರೈಲು ಹಿಡಿದು ಮುಂಬೈಯ ದೊಡ್ಡ ಸ್ಟೇಷನ್ ಸಿಎಸ್‌ಎಂಟಿಗೆ ಹೋಗಿ ಬರುತ್ತೇನೆ. ಬಟ್ಟೆ ಅಂದರೆ ನನಗೆ ಪ್ರಾಣ. ಫ್ಯಾಷನ್ ಶೋಗಳ ಫೋಟೊ ಬಂದ ದಿನವೇ ಕೂತು ನೋಡುತ್ತೇನೆ. ನೋಡಿದ್ದನ್ನು ನನ್ನ ಬದುಕಿಗೆ ತಕ್ಕಂತೆ ಮಾಡಿಕೊಳ್ಳುವುದನ್ನು ನಿಧಾನಕ್ಕೆ ಕಲಿತೆ. ಮಾಟುಂಗದ ಕನ್ನಡ ಕಾರ್ಯಕ್ರಮಗಳಿಗೆ ಹೋದಾಗ ಗೆಳತಿಯರು ಇದನ್ನೇ ಕೇಳುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ಒಂದೇ: ರ‍್ಯಾಂಪ್‌ನಿಂದ ಒಂದೇ ಒಂದು ಸಂಗತಿ ತಗೊಳ್ಳಿ. ಉಳಿದದ್ದೆಲ್ಲ ನಿಮ್ಮ ಕಪಾಟಿನಿಂದಲೇ ಬರಲಿ.

ಆ ಒಂದನ್ನು ಆರಿಸುವುದು ಹೇಗೆ, ಹೊಂದಿಸುವುದು ಹೇಗೆ ಅಂತ ಈಗ ಒಂದೊಂದಾಗಿ ನೋಡೋಣ.

ಮೊದಲು ಫೋಟೊವನ್ನು ಬಿಡಿಸಿ ನೋಡಿ

ರ‍್ಯಾಂಪ್ ಮೇಲೆ ಮಾಡೆಲ್ ನಮ್ಮ ಕಣ್ಣ ಮುಂದೆ ಇರುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಡಿಸೈನರ್ ತನ್ನ ವಿಚಾರ ಹೇಳಿ ಮುಗಿಸಬೇಕು. ಅದಕ್ಕೇ ಎಲ್ಲವನ್ನೂ ದೊಡ್ಡದು ಮಾಡುತ್ತಾರೆ. ಭುಜ ಇನ್ನೂ ಅಗಲ, ತೋಳು ಇನ್ನೂ ಉದ್ದ, ಕುಚ್ಚು ನೆಲಕ್ಕೆ ತಾಗುವಷ್ಟು. ಅದನ್ನು ಹಾಗೇ ತೊಡಿ ಅಂತ ಅವರೂ ಹೇಳುವುದಿಲ್ಲ.

ಹಾಗಾಗಿ ಒಂದು ಫೋಟೊ ಇಷ್ಟವಾದರೆ ಐದು ಪ್ರಶ್ನೆ ಕೇಳಿಕೊಳ್ಳಿ. ನನಗೆ ಹಿಡಿಸಿದ್ದು ಇದರ ಆಕಾರವಾ? ಬಣ್ಣವಾ? ಬಟ್ಟೆಯಾ? ಒಂದರ ಮೇಲೊಂದು ಹಾಕಿದ ರೀತಿಯಾ? ಅಥವಾ ಬೆಲ್ಟು, ಚಪ್ಪಲಿ, ಕುಚ್ಚಿನಂಥ ಸಣ್ಣ ಸಂಗತಿಯಾ? ಉತ್ತರವನ್ನು ಫೋನಿನಲ್ಲಿ ಒಂದು ಸಾಲು ಬರೆದಿಡಿ. "ಚಂದ ಇದೆ" ಅಂತ ಬರೆದರೆ ಸಾಲದು. "ಭುಜ ಸಡಿಲ, ತೋಳು ಮೊಣಕೈವರೆಗೆ ಮಡಿಸಿದೆ, ಕೆಳಗೆ ತೆಳು ಬಟ್ಟೆ" ಅಂತ ಬರೆಯಿರಿ. ಈ ಒಂದು ಸಾಲೇ ನಾಳೆ ಟೇಲರ್‌ಗೆ ಹೇಳುವ ಮಾತಾಗುತ್ತದೆ.

ಒಬ್ಬರೇ ಡಿಸೈನರ್ ಮಾಡಿದ್ದು ಅವರ ವಿಚಾರ. ಮೂರು ನಾಲ್ಕು ಕಡೆ ಕಂಡರೆ ಟ್ರೆಂಡ್. 2024ರ ಫೆಬ್ರವರಿಯಲ್ಲಿ ಫ್ರಾನ್ಸಿನ ಕ್ಲೋಯೆ ಕಂಪನಿಗೆ ಡಿಸೈನರ್ ಶೆಮೆನಾ ಕಮಾಲಿ ಮಾಡಿದ ಮೊದಲ ಶೋದಲ್ಲಿ ತೆಳು ಬಟ್ಟೆ, ಝಾಲರಿ, ಪದರ ಪದರದ ಉಡುಪು ಬಂದವು. ಆಮೇಲೆ ಅದೇ ಬಗೆ ಬೇರೆ ಬೇರೆ ಕಡೆ ಕಾಣಿಸಿಕೊಂಡಿತು, ಮುಂಬೈಯ ಲಿಂಕಿಂಗ್ ರೋಡಿನ ಅಂಗಡಿಗಳ ತನಕ ಇಳಿಯಿತು. ಹೀಗೆ ಎರಡು ಮೂರು ಸೀಸನ್ ನಿಂತದ್ದಕ್ಕೆ ದುಡ್ಡು ಹಾಕಬಹುದು. ಒಂದೇ ರೀಲ್‌ನಲ್ಲಿ ಬಂದು ಹೋದದ್ದಕ್ಕೆ ಹಾಕಬೇಡಿ.

ಇನ್ನೊಂದು ಮಾತು, ತಿಂಗಳ ಲೆಕ್ಕ. ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್‌ಗಳಲ್ಲಿ ಫೆಬ್ರವರಿ-ಮಾರ್ಚ್‌ನಲ್ಲಿ ತೋರಿಸುವುದು ಮುಂದೆ ಬರುವ ಚಳಿಗಾಲದ ಬಟ್ಟೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತೋರಿಸುವುದು ಮುಂದಿನ ಬೇಸಿಗೆಯದು. ಮುಂಬೈಯಲ್ಲಿ ಇರುವವರು ಎರಡನೆಯದನ್ನು ಗಮನವಿಟ್ಟು ನೋಡಿ. ಹತ್ತಿ, ಲಿನನ್, ತೆಳು ಪದರ ಎಲ್ಲ ಅಲ್ಲೇ ಸಿಗುತ್ತವೆ. ಚಳಿಗಾಲದ ಶೋದಿಂದ ಬಣ್ಣ ಮಾತ್ರ ತಗೊಂಡರೆ ಸಾಕು. ನಮ್ಮದೇ ಲ್ಯಾಕ್ಮೆ ಫ್ಯಾಷನ್ ವೀಕ್ ಅಂತೂ ಬಿಡಲೇಬೇಡಿ. ಅಲ್ಲಿನ ಡಿಸೈನರ್‌ಗಳಿಗೆ ನಮ್ಮ ಬೆವರು, ನಮ್ಮ ಮೈಕಟ್ಟು, ನಮ್ಮ ಮೈಬಣ್ಣ ಗೊತ್ತು.

ನಿಮ್ಮ ದಿನಕ್ಕೆ ಹಚ್ಚಿ ನೋಡಿ

ಈ ಹೆಜ್ಜೆಯನ್ನು ನಾನು ಬಿಟ್ಟಿದ್ದೆ. ಅದಕ್ಕೆ ಬೆಲೆ ಕೊಟ್ಟೆ.

ಒಂದು ವರ್ಷ ನೆಲ ಮುಟ್ಟುವ ಅಗಲ ಪ್ಯಾಂಟು ಎಲ್ಲ ಶೋಗಳಲ್ಲೂ ಬಂದಿತ್ತು. ಅರೆಬಿಳಿ ಬಣ್ಣದ ದಪ್ಪ ಹತ್ತಿ ಬಟ್ಟೆ ತಂದು ಹಾಗೇ ಹೊಲಿಸಿದೆ. ಜೂನ್ ತಿಂಗಳ ಒಂದು ಬೆಳಿಗ್ಗೆ ಹಾಕಿಕೊಂಡು ಹೊರಟೆ. ದಾದರ್ ಸೇತುವೆಯ ಮೆಟ್ಟಿಲು ಇಳಿಯುವಾಗ ಹಿಂದಿನವರ ಕಾಲು ಪ್ಯಾಂಟಿನ ಅಂಚಿನ ಮೇಲೆ ಬಿತ್ತು. ಚರ್‌ ಅಂತ ಸದ್ದು. ಅಂಚಿನ ಹೊಲಿಗೆ ಒಂದು ಗೇಣು ಬಿಚ್ಚಿತ್ತು. ಹೊರಗೆ ಮಳೆ. ಹತ್ತಿ ಬಟ್ಟೆ ನೀರನ್ನು ದೀಪದ ಬತ್ತಿಯ ಹಾಗೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಆಫೀಸು ಸೇರುವಷ್ಟರಲ್ಲಿ ಮೊಣಕಾಲಿನವರೆಗೆ ಕೆಸರು ಬಣ್ಣ. ಇಡೀ ದಿನ ಏಸಿಯಲ್ಲಿ ಒದ್ದೆ ಬಟ್ಟೆಯಲ್ಲಿ ಕೂತೆ. ಮಾರನೆಯ ದಿನ ಜ್ವರ.

ಆ ಪ್ಯಾಂಟನ್ನು ಬಿಸಾಡಲಿಲ್ಲ. ಮೂರು ಇಂಚು ಕತ್ತರಿಸಿ, ಪಾದದ ಗಂಟು ಕಾಣುವ ಹಾಗೆ ಮಡಿಸಿ ಹೊಲಿಸಿದೆ. ಹಾಕಿ ಕನ್ನಡಿ ಮುಂದೆ ನಿಂತಾಗ ಒಂದು ವಿಷಯ ತಿಳಿಯಿತು. ಅದರ ಅಂದ ಇದ್ದದ್ದು ಅಗಲದಲ್ಲಿ, ಉದ್ದದಲ್ಲಿ ಅಲ್ಲ. ಅಗಲ ಉಳಿದಿತ್ತು, ಅಂದವೂ ಉಳಿದಿತ್ತು. ಇವತ್ತಿಗೂ ಹಾಕುತ್ತೇನೆ.

ಈಗ ಹೊಸದು ಯಾವುದೇ ತರುವ ಮುಂಚೆ ಮನೆಯಲ್ಲೇ ಈ ನಾಲ್ಕು ಮಾಡಿ ನೋಡುತ್ತೇನೆ. ನೀವೂ ಮಾಡಿ.

ಕೈ ಮೇಲೆತ್ತಿ, ಟ್ರೇನಿನ ಹಿಡಿಕೆ ಹಿಡಿದ ಹಾಗೆ ನಿಲ್ಲಿ. ಟಾಪ್ ಸೊಂಟದ ಮೇಲೆ ಹೋಗುತ್ತಾ? ಕಂಕುಳಲ್ಲಿ ಎಳೆಯುತ್ತಾ?

ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಇಳಿಯಿರಿ. ಒಂದು ಕೈಯಿಂದ ಬಟ್ಟೆ ಎತ್ತಿ ಹಿಡಿಯಬೇಕಾಗಿ ಬಂದರೆ ಅದು ಉದ್ದ ಜಾಸ್ತಿ ಅಂತಲೇ ಅರ್ಥ.

ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂತ ಹಾಗೆ ಕುರ್ಚಿಯ ತುದಿಯಲ್ಲಿ ಕೂತು ನೋಡಿ. ಸೊಂಟದ ಪಟ್ಟಿ ಹೊಟ್ಟೆಗೆ ಒತ್ತಬಾರದು. ಸ್ಕರ್ಟಿನ ಸೀಳು ತೆರೆದುಕೊಳ್ಳಬಾರದು.

ಕೊನೆಯದು, ತೂಗಾಡುವುದು ಏನಾದರೂ ಇದೆಯಾ? ಉದ್ದ ಬೆಲ್ಟಿನ ತುದಿ, ಬ್ಯಾಗಿನ ಕುಚ್ಚು, ಜೋತು ಬಿದ್ದ ಓಢಣಿ. ಜನರ ನಡುವೆ ಇಳಿಯುವಾಗ ಇವು ಯಾರದೋ ಬ್ಯಾಗಿಗೆ, ಬಾಗಿಲಿನ ಕಂಬಿಗೆ ಸಿಕ್ಕಿಕೊಳ್ಳುತ್ತವೆ. ಇದು ಅಂದಚಂದದ ಮಾತಲ್ಲ, ಪ್ರಾಣದ ಮಾತು. ತೂಗಾಡುವುದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಆಫೀಸಿನಲ್ಲಿ ತೊಡಿ.

ಕಪಾಟು ತೆಗೆಯಿರಿ

ಇಷ್ಟು ಆದ ಮೇಲೂ ಅಂಗಡಿಗೆ ಹೋಗಬೇಡಿ. ಬರೆದಿಟ್ಟ ಸಾಲನ್ನು ಕೈಯಲ್ಲಿ ಹಿಡಿದು ಕಪಾಟಿನ ಮುಂದೆ ನಿಲ್ಲಿ. ಮನೆಯವರ ಕಪಾಟನ್ನೂ ತೆಗೆಯಿರಿ.

ದೊಗಲೆ ಬ್ಲೇಜರ್ ಈಗ ಕೆಲವು ವರ್ಷಗಳಿಂದ ಹೋಗಿಲ್ಲ. ಸದ್ಯಕ್ಕೆ ಹೋಗುವ ಲಕ್ಷಣವೂ ಇಲ್ಲ. ಆದರೆ ಮುಂಬೈಯ ಸೆಕೆಗೆ ಬ್ಲೇಜರ್ ತರುವ ಮುಂಚೆ ಅದನ್ನು ಒಳಮುಖ ಮಾಡಿ ನೋಡಿ. ಪೂರ್ತಿ ಪಾಲಿಯೆಸ್ಟರ್ ಅಸ್ತರು ಇದ್ದರೆ ಬೆವರು ಒಳಗೇ ನಿಲ್ಲುತ್ತದೆ. ಅಸ್ತರು ಇಲ್ಲದ ಅಥವಾ ಬೆನ್ನಿಗೆ ಅರ್ಧ ಮಾತ್ರ ಇರುವ ಲಿನನ್ ಬ್ಲೇಜರ್ ಆದರೆ ತಡೆಯಬಹುದು. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯಿಂದ ಒಂದು ಇಂಚು ಆಚೆ ಇದ್ದರೆ ಅದು ಬೇಕೆಂದೇ ಸಡಿಲ ಮಾಡಿದ ಹಾಗೆ ಕಾಣುತ್ತದೆ. ಮೂರು ಇಂಚು ಇಳಿದರೆ ಅಣ್ಣನ ಬಟ್ಟೆ ಹಾಕಿದ ಹಾಗೆ.

ಬ್ಲೇಜರೇ ಬೇಕು ಅಂತ ಇಲ್ಲ. ಯಜಮಾನರ ಹಳೆಯ ಹತ್ತಿ ಶರಟು ಇದೆಯಲ್ಲ, ಬಟನ್ ಹಾಕದೆ ಬನಿಯನ್ ಟಾಪ್ ಮೇಲೆ ಹಾಕಿ. ತೋಳನ್ನು ಎರಡು ಸಲ ಅಗಲಕ್ಕೆ ಮಡಿಸಿ, ಮೊಣಕೈ ಕೆಳಗೆ ನಿಲ್ಲಿಸಿ. ಅದೇ ಆಕಾರ ಬಂತು, ಖರ್ಚಿಲ್ಲ, ಗಾಳಿಯೂ ಆಡುತ್ತದೆ. ಮೇಲೆ ಸಡಿಲ ಇದ್ದರೆ ಕೆಳಗೆ ಸ್ವಲ್ಪ ನೆಟ್ಟಗೆ ಇರಲಿ. ಕೆಳಗೆ ಅಗಲ ಪ್ಯಾಂಟು ಇದ್ದರೆ ಮೇಲಿನದ್ದನ್ನು ಸೊಂಟದೊಳಗೆ ಸಿಕ್ಕಿಸಿ. ಎರಡೂ ಸಡಿಲ ಮಾಡಿದರೆ ನಮ್ಮಂಥ ಐದಡಿಯವರು ಅದರಲ್ಲಿ ಮುಳುಗಿ ಹೋಗುತ್ತೇವೆ.

ಪಾರದರ್ಶಕ ಬಟ್ಟೆ ಅಂದ ಕೂಡಲೇ ತುಂಬಾ ಜನ ಹೆದರುತ್ತಾರೆ. ನನ್ನ ಮಟ್ಟಿಗೆ ದಿನನಿತ್ಯಕ್ಕೆ ತುಂಬಾ ಸುಲಭವಾದ ಟ್ರೆಂಡ್ ಇದೇ. ನಾವು ಹುಟ್ಟಿದಾಗಿನಿಂದ ತೆಳು ಸೀರೆಯ ಸೆರಗು ನೋಡುತ್ತಾ ಬೆಳೆದವರು, ಅಲ್ವಾ? ಹಳೆಯ ಕೋಟಾ ಸೀರೆ ಅಥವಾ ಆರ್ಗನ್ಜಾ ಓಢಣಿ ಇದ್ದರೆ ಅದರಲ್ಲಿ ಮುಂದೆ ತೆರೆದ, ಮೊಣಕಾಲಿನವರೆಗಿನ ಒಂದು ಮೇಲಂಗಿ ಹೊಲಿಸಿ. ಒಳಗೆ ಒಂದೇ ಬಣ್ಣದ ಟಾಪ್, ಪ್ಯಾಂಟು ಹಾಕಿ. ಮೈ ಎಲ್ಲೂ ಕಾಣುವುದಿಲ್ಲ, ಪದರ ಮಾತ್ರ ಕಾಣುತ್ತದೆ. ಒಳಗಿನದು ಮತ್ತು ಮೇಲಿನದು ಒಂದೇ ಬಣ್ಣದ ಬೇರೆ ಬೇರೆ ಛಾಯೆ ಆದರೆ ಇನ್ನೂ ಚಂದ.

ಚುಕ್ಕಿ ಬಟ್ಟೆ 2025ರಲ್ಲಿ ಜೋರಾಗಿ ಬಂತು. ಅದಕ್ಕೆ ಜಾಸ್ತಿ ಹೇಳುವುದಿಲ್ಲ. ಮೈಮೇಲೆ ಒಂದೇ ಕಡೆ ಚುಕ್ಕಿ ಇರಲಿ.

2026ರ ಬೇಸಿಗೆಗೆಂದು ತೋರಿಸಿದ ಬಟ್ಟೆಗಳಲ್ಲಿ ಕುಚ್ಚು ತುಂಬಾ ಇತ್ತು. ಕುಚ್ಚು ನಮಗೆ ಹೊಸದಾ? ಸೀರೆಗೆ ಕುಚ್ಚು ಕಟ್ಟುವವರು ನಿಮ್ಮ ಬೀದಿಯಲ್ಲೇ ಇರುತ್ತಾರೆ. ಒಂದು ಸಾದಾ ಹತ್ತಿ ಸ್ಟೋಲ್ ಕೊಟ್ಟು ಅದರ ಎರಡು ತುದಿಗೆ ಅದೇ ಬಣ್ಣದ ದಾರದಲ್ಲಿ ಒತ್ತೊತ್ತಾಗಿ ಕುಚ್ಚು ಕಟ್ಟಿಸಿ. ಮಣಿ, ಜರಿ ಬೇಡ ಅನ್ನಿ. ಬಣ್ಣ ಬೇರೆ ಮಾಡಿದರೆ ಮದುವೆ ಮನೆಯದ್ದಾಗುತ್ತದೆ, ಅದೇ ಬಣ್ಣ ಆದರೆ ಆಫೀಸಿಗೂ ನಡೆಯುತ್ತದೆ.

ಬಣ್ಣವನ್ನು ಬಾಗಿಲಿನ ಬೆಳಕಿಗೆ ಹಿಡಿಯಿರಿ

ಬಣ್ಣದ ಟ್ರೆಂಡ್ ಅನುಸರಿಸುವುದು ಕಡಿಮೆ ಖರ್ಚಿನ ದಾರಿ. ಬಣ್ಣಗಳಿಗೆ ಹೆಸರು, ನಂಬರು ಕೊಡುವ ಪ್ಯಾಂಟೋನ್ ಸಂಸ್ಥೆ ವರ್ಷಕ್ಕೊಂದು ಬಣ್ಣ ಹೇಳುತ್ತದೆ. 2025ಕ್ಕೆ ಮೋಚಾ ಮೂಸ್ ಎಂಬ ಹಾಲು ಜಾಸ್ತಿಯಾದ ಕಾಫಿಯ ಬಣ್ಣ. 2026ಕ್ಕೆ ಕ್ಲೌಡ್ ಡ್ಯಾನ್ಸರ್ ಎಂಬ ಮೆತ್ತನೆಯ ಬಿಳಿ. ಇವುಗಳ ಜೊತೆಗೆ 2025ರ ಬೇಸಿಗೆಯಿಂದ ಬೆಣ್ಣೆ ಹಳದಿಯೂ ಎಲ್ಲ ಕಡೆ ಇದೆ.

ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬಣ್ಣ ಒಪ್ಪಿಕೊಳ್ಳಬೇಡಿ. ಬಟ್ಟೆ ಹಿಡಿದು ಬಾಗಿಲಿಗೆ ಬನ್ನಿ. ಗದ್ದದ ಕೆಳಗೆ ಹಿಡಿದು ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಮುಖ ದಣಿದ ಹಾಗೆ ಕಂಡರೆ ಆ ಬಣ್ಣ ಮುಖದ ಹತ್ತಿರ ಬೇಡ. ಹಾಗಂತ ಬಿಟ್ಟೇ ಬಿಡಬೇಕು ಅಂತಲೂ ಇಲ್ಲ. ಸೊಂಟದ ಕೆಳಗೆ ತನ್ನಿ, ಅಥವಾ ಬ್ಯಾಗಿಗೆ, ಚಪ್ಪಲಿಗೆ ಇಳಿಸಿ.

ನಮ್ಮ ಗೋಧಿ ಬಣ್ಣದ, ಕಂದು ಮೈಗೆ ಕಾಫಿ ಬಣ್ಣವನ್ನು ತಲೆಯಿಂದ ಕಾಲಿನವರೆಗೆ ಹಾಕಿದರೆ ಮೈ ಎಲ್ಲಿ, ಬಟ್ಟೆ ಎಲ್ಲಿ ಅಂತ ಗೊತ್ತಾಗದೆ ಮಂಕಾಗುತ್ತದೆ. ಜೊತೆಗೆ ಕುಂಕುಮ ಕೆಂಪೋ, ನವಿಲು ನೀಲಿಯೋ ಒಂದು ಕಡೆ ಇರಲಿ. ಬೆಣ್ಣೆ ಹಳದಿಗೆ ಗಾಢ ಮರೂನ್ ಎಷ್ಟು ಹೊಂದುತ್ತದೆ ಅಂದರೆ, ಒಮ್ಮೆ ಹಾಕಿ ನೋಡಿ, ಮತ್ತೆ ಬಿಡುವುದಿಲ್ಲ. ಬಿಳಿ ಪ್ಯಾಂಟು ತಗೊಳ್ಳುವಾಗ ಕೈಯನ್ನು ಬಟ್ಟೆಯ ಒಳಗೆ ಇಟ್ಟು ಬೆಳಕಿಗೆ ಹಿಡಿಯಿರಿ. ಬೆರಳು ಎಣಿಸುವ ಹಾಗಿದ್ದರೆ ಬೇಡ. ಒಳಗೆ ಹಾಕುವುದು ಬಿಳಿ ಆಗಿರಬಾರದು, ಮೈಬಣ್ಣದ್ದು ಇರಬೇಕು. ಬಿಳಿಯ ಒಳಗೆ ಬಿಳಿ ಎದ್ದು ಕಾಣುತ್ತದೆ.

ಟೇಲರ್ ಹತ್ತಿರ ಹೋಗುವ ಮುಂಚೆ

ಮುಂಬೈಯಲ್ಲಿ ನಮಗಿರುವ ದೊಡ್ಡ ಭಾಗ್ಯ ಅಂದರೆ ಬಟ್ಟೆ ಮಾರ್ಕೆಟ್ಟು ಮತ್ತು ಮೂಲೆಮೂಲೆಯ ಟೇಲರ್. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮಂಗಲದಾಸ್ ಮಾರ್ಕೆಟ್ಟಿನಲ್ಲಿ ಎಂಥ ಬಟ್ಟೆಯೂ ಸಿಗುತ್ತದೆ. ಭಾನುವಾರ ಹೋಗಬೇಡಿ, ಮುಚ್ಚಿರುತ್ತದೆ. ದಾದರಿನ ಹಿಂದಮಾತಾ ಕೂಡ ಒಳ್ಳೆಯದು. ಬಟನ್, ಲೇಸು, ಬಕಲ್ ಎಲ್ಲದಕ್ಕೂ ಭುಲೇಶ್ವರ. ಹಳೆಯ ಕುರ್ತಾದ ಬಟನ್ ಬದಲಿಸಿ ಕೊಂಬಿನ ಬಣ್ಣದ ದೊಡ್ಡ ಬಟನ್ ಹಾಕಿಸಿದರೆ ಅದು ಬೇರೆಯದೇ ಬಟ್ಟೆಯಾಗುತ್ತದೆ.

ಮೊದಲು ಟೇಲರ್, ಆಮೇಲೆ ಬಟ್ಟೆ. ತುಂಬಾ ಜನ ಉಲ್ಟಾ ಮಾಡುತ್ತಾರೆ. ಫೋಟೊ ತೋರಿಸಿ, ಎಷ್ಟು ಮೀಟರ್ ಬೇಕು, ಎಷ್ಟು ಪನ್ನದ್ದು (ಬಟ್ಟೆಯ ಅಗಲ) ಬೇಕು ಅಂತ ಕೇಳಿಕೊಂಡು ಹೋಗಿ. ಅಗಲ ಪ್ಯಾಂಟಿಗೆ ಸಣ್ಣ ಪನ್ನದ ಬಟ್ಟೆ ತಂದರೆ ಪಕ್ಕಕ್ಕೆ ತುಂಡು ಜೋಡಿಸಬೇಕಾಗುತ್ತದೆ. ಹತ್ತಿ ಬಟ್ಟೆ ತಂದ ರಾತ್ರಿಯೇ ಬಕೆಟ್ಟಿನಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿಸಿ, ಆಮೇಲೆ ಕೊಡಿ. ಕುಗ್ಗುವುದು ಏನಿದ್ದರೂ ಹೊಲಿಯುವ ಮುಂಚೆಯೇ ಕುಗ್ಗಲಿ.

ಮುಂದೆ, ಹಿಂದೆ, ಪಕ್ಕ ಮೂರೂ ಕಡೆಯ ಫೋಟೊ ಇಟ್ಟುಕೊಳ್ಳಿ. ಜೊತೆಗೆ ನಿಮಗೆ ಸರಿಯಾಗಿ ಕೂರುವ ಹಳೆಯ ಒಂದು ಬಟ್ಟೆ ಒಯ್ಯಿರಿ. "ಇದಕ್ಕಿಂತ ಎದೆಗೆ ಮೂರು ಇಂಚು ಸಡಿಲ, ಭುಜಕ್ಕೆ ಒಂದು ಇಂಚು ಜಾಸ್ತಿ, ಉದ್ದ ಅಷ್ಟೇ" ಅಂತ ಅದನ್ನೇ ಮುಟ್ಟಿ ಹೇಳಿ. "ಓವರ್‌ಸೈಜ್ ಮಾಡಿ" ಅಂತ ಮಾತ್ರ ಹೇಳಿದರೆ ಪಾಪ, ಅವರು ಎಲ್ಲ ಕಡೆಗೂ ದೊಡ್ಡದು ಮಾಡಿಬಿಡುತ್ತಾರೆ. ಒಳಗೆ ಒಂದು ಇಂಚು ಬಟ್ಟೆ ಬಿಟ್ಟು ಹೊಲಿಯಲು ಹೇಳಿ. ಜೇಬು ಕೇಳುವುದನ್ನು ಮರೆಯಬೇಡಿ, ಟ್ರೇನಿನ ಪಾಸು, ಫೋನು ಹಿಡಿಸುವಷ್ಟು ಆಳದ್ದು.

ಊರಿಂದ ಬಂದದ್ದನ್ನು ಹೊರಗೆ ತೆಗೆಯಿರಿ

2023ರ ಮಾರ್ಚ್ 30ರಂದು ಫ್ರಾನ್ಸಿನ ಫ್ಯಾಷನ್ ಕಂಪನಿ ಡಿಯೋರ್ ನಮ್ಮ ಗೇಟ್‌ವೇ ಆಫ್ ಇಂಡಿಯಾ ಮುಂದೆ ಶೋ ಮಾಡಿತು. ಗೇಟ್‌ವೇಗೆ ಕಟ್ಟಿದ್ದ ಆ ಭಾರಿ ತೋರಣವನ್ನು ಹೊಲಿದವರು ಮುಂಬೈಯ ಚಾಣಕ್ಯ ಕರಕುಶಲ ಶಾಲೆಯ ಕೈಗಳು. ಬಾಗಿಲಿಗೆ ತೋರಣ ಕಟ್ಟುವುದು ನಮಗೆ ಯಾರು ಕಲಿಸಬೇಕು? ಆ ಫೋಟೊ ನೋಡಿದ ದಿನ ನಾನು ಮನೆಯ ಟ್ರಂಕು ತೆಗೆದೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಉಡಿ ತುಂಬುವಾಗ ಕೊಟ್ಟ ಖಣಗಳು, ಅಂದರೆ ಕುಪ್ಪಸದ ಬಟ್ಟೆಗಳು, ಹತ್ತಾರು ಇರುತ್ತವೆ. ಗುಳೇದಗುಡ್ಡದ ಖಣ. ಎಲ್ಲರೂ ಮಡಿಸಿ ಇಟ್ಟಿರುತ್ತಾರೆ, ಹೊಲಿಸುವುದಿಲ್ಲ. ಒಂದು ಖಣದಲ್ಲಿ ಪೂರ್ತಿ ಜಾಕೆಟ್ ಆಗುವುದಿಲ್ಲ, ನಿಜ. ಆದರೆ ಸಾದಾ ಕಪ್ಪು ಲಿನನ್ ಬ್ಲೇಜರಿನ ಕಾಲರಿಗೆ, ಮಡಿಸುವ ತೋಳಿನ ಒಳಬದಿಗೆ, ಜೇಬಿನ ಮುಚ್ಚಳಕ್ಕೆ ಧಾರಾಳವಾಗಿ ಸಾಕು. ತೋಳು ಮಡಿಸಿದಾಗ ಖಣದ ಸಣ್ಣ ಹೂವು ಹೊರಗೆ ಬರುತ್ತದೆ. ನಾಲ್ಕೈದು ಖಣಗಳು ಇದ್ದರೆ ತುಂಡು ಜೋಡಿಸಿ ತೋಳಿಲ್ಲದ ಜಾಕೆಟ್ ಮಾಡಿಸಬಹುದು. ಈಗ ಪಾಲಿಯೆಸ್ಟರ್ ಖಣವೂ ಬರುತ್ತದೆ, ಹಿಡಿದರೆ ಜಾರುತ್ತದೆ. ಅದನ್ನು ಮೈಗೆ ತಾಗುವ ಕಡೆ ಹಾಕಿಸಬೇಡಿ, ಸೆಕೆ ಆಗುತ್ತದೆ.

ನನ್ನ ಹತ್ತಿರ ಅವ್ವನ ಒಂದು ಇಳಕಲ್ ಸೀರೆ ಇತ್ತು. ಕರಿ ಮೈ, ಕೆಂಪು ಸೆರಗು. ಮಡಿಕೆಯ ಜಾಗದಲ್ಲಿ ಮೈ ಸವೆದು ಸೀಳಿತ್ತು. ಉಡುವ ಹಾಗಿರಲಿಲ್ಲ. ಕತ್ತರಿಸಲು ಕೈ ಬರಲಿಲ್ಲ. ಅವ್ವನಿಗೆ ಫೋನ್ ಮಾಡಿದೆ.

"ಮೈ ಹರದೈತಿ ಅಂದ್ರ ಕಡಸವಾ. ಸೆರಗ ಮಾತ್ರ ಮುಟ್ಟಬ್ಯಾಡ. ಅದು ಇನ್ನೂ ಗಟ್ಟಿ ಐತಿ," ಅಂದಳು.

ಇಳಕಲ್ ಸೀರೆಯ ಸೆರಗಿನ ರೇಷ್ಮೆ ಎಳೆಗಳನ್ನು ಮೈಯ ಎಳೆಗಳಿಗೆ ಕೊಂಡಿ ಹಾಕಿ ನೇಯುತ್ತಾರೆ. ಸೆರಗಿನ ಮೇಲಿನ ತೋಪ್ ತೆನಿ, ಆ ಬಿಳಿ ಬಿಳಿ ತೆನೆಗಳ ಸಾಲು, ದೂರದಿಂದಲೇ ಗುರುತು ಸಿಗುತ್ತದೆ. ನಮ್ಮ ಓಣಿಯ ಮಾಸ್ಟರ್‌ಜಿ ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಸುಣ್ಣದ ಬಳಪ ಹಿಡಿದು ತುಂಬಾ ಹೊತ್ತು ಸುಮ್ನೆ ನಿಂತರು. ಆಮೇಲೆ ಸೆರಗನ್ನು ಕತ್ತರಿಸದೆ ಬೆನ್ನಿಗೆ ಇಡಿಯಾಗಿ ಬರುವ ಹಾಗೆ ಇಟ್ಟರು. ತೆನೆಗಳ ಸಾಲು ಭುಜದಿಂದ ಭುಜಕ್ಕೆ ಬಂತು. ಮೈಯ ಗಟ್ಟಿ ಭಾಗದಿಂದ ಮುಂಬದಿ ತೆಗೆದರು. ಸವೆದ ಬಟ್ಟೆಗೆ ಆಧಾರ ಬೇಕು ಅಂತ ಒಳಗೆ ಮಲ್‌ಮಲ್ ಅಸ್ತರು ಕೊಟ್ಟರು. ಮೊಣಕಾಲಿನವರೆಗಿನ ಸಡಿಲ ಜಾಕೆಟ್ ಆಯಿತು. ಬಿಳಿ ಟಾಪ್, ಆ ಹಳೆಯ ಅಗಲ ಪ್ಯಾಂಟು, ಮೇಲೆ ಇದು. ಶೋಗಳ ಫೋಟೊದಲ್ಲಿ ನೋಡಿದ ಉದ್ದ ಸಡಿಲ ಕೋಟಿನ ಆಕಾರವೇ ಅದು.

ಒಂದು ವಿನಂತಿ. ಉಡಲು ಬರುವ ಸೀರೆಯನ್ನು ದಯವಿಟ್ಟು ಕತ್ತರಿಸಬೇಡಿ. ಹರಿದದ್ದಕ್ಕೆ ಮಾತ್ರ ಕತ್ತರಿ. ಹೊಸ ಕಸೂತಿ ಬೇಕಾದರೆ ಧಾರವಾಡದ ಕಡೆ ಕೈಯಿಂದ ಹಾಕುವ ಹೆಣ್ಣುಮಕ್ಕಳಿಗೇ ಕೊಡಿ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣುತ್ತವೆ. ಬಟ್ಟೆ ತಿರುಗಿಸಿ ನೋಡಿದರೆ ಯಂತ್ರದ್ದೋ ಕೈಯದ್ದೋ ತಿಳಿಯುತ್ತದೆ. ಬಿಳಿ ಶರಟಿನ ತೋಳಿನ ಪಟ್ಟಿಗೆ ಕಪ್ಪು ದಾರದಲ್ಲಿ ಒಂದು ಸಾಲು ಗೋಪುರ ಹಾಕಿಸಿದರೆ ಸಾಕು. ಕೈಕೆಲಸಕ್ಕೆ ಚೌಕಾಸಿ ಮಾಡಬೇಡಿ.

ಗಂಡಸರಿಗೂ ಇದೇ ದಾರಿ. ಮುಂದೆ ನೆರಿಗೆ ಇರುವ ಅಗಲ ಪ್ಯಾಂಟು, ಹೊರಗೆ ಬಿಡುವ ಸಡಿಲ ಅರ್ಧ ತೋಳಿನ ಶರಟು, ಕಾಲಿಗೆ ಕೊಲ್ಹಾಪುರಿ. ಪ್ಯಾಂಟು ಚಪ್ಪಲಿಯ ಮೇಲೆ ಗುಡ್ಡೆ ಬೀಳದ ಹಾಗೆ ನೋಡಿಕೊಂಡರೆ ಆಯಿತು.

ಮೊದಲ ಸಲ ತೊಡುವ ದಿನ

ಹೊಸ ಬಗೆಯ ಬಟ್ಟೆಯನ್ನು ದೊಡ್ಡ ಕಾರ್ಯಕ್ರಮಕ್ಕೆ ಮೊದಲ ಸಲ ಹಾಕಬೇಡಿ. ಶನಿವಾರ ತರಕಾರಿಗೆ ಹೋಗುವಾಗ ಹಾಕಿ. ಎರಡು ಗಂಟೆ ಓಡಾಡಿದರೆ ಎಲ್ಲಿ ಎಳೆಯುತ್ತದೆ, ಎಲ್ಲಿ ಜಾರುತ್ತದೆ ಎಲ್ಲ ಗೊತ್ತಾಗುತ್ತದೆ. ಪದೇ ಪದೇ ಸರಿಮಾಡಿಕೊಳ್ಳುತ್ತಿದ್ದರೆ ಟೇಲರ್ ಹತ್ತಿರ ವಾಪಸ್ ಒಯ್ಯಿರಿ. ಎರಡನೇ ಸಲ ಆಫೀಸಿಗೆ.

ಆ ಇಳಕಲ್ ಜಾಕೆಟ್ ಹಾಕಿ ಮೊದಲ ಸಲ ಲೋಕಲ್ ಹತ್ತಿದ ದಿನ ನನಗೆ ಸ್ವಲ್ಪ ಅಳುಕಿತ್ತು. ಠಾಣೆಯಲ್ಲಿ ಹತ್ತುವ ಉಡುಪಿ ಕಡೆಯ ಗೆಳತಿ ಒಬ್ಬಳಿದ್ದಾಳೆ. ಹತ್ತಿದವಳೇ ನನ್ನ ಬೆನ್ನು ತಿರುಗಿಸಿ ನೋಡಿದಳು. "ಇದೆಂತ ಮಾರಾಯ್ತಿ, ಎಷ್ಟು ಚಂದ ಉಂಟು! ಸೀರೆಯದ್ದಾ?" ಅಂತ ಸೆರಗಿನ ತೆನೆಗಳ ಮೇಲೆ ಬೆರಳು ಆಡಿಸಿದಳು. ಕುರ್ಲಾ ಬರುವಷ್ಟರಲ್ಲಿ ಡಬ್ಬಿಯ ನಾಲ್ಕು ಜನ ಟೇಲರ್ ಎಲ್ಲಿದ್ದಾರೆ ಅಂತ ಕೇಳಿದರು.

ಏನಾದರೂ ಕೊಳ್ಳಲೇಬೇಕು ಅನ್ನಿಸಿದಾಗ ಅಂಗಡಿಯಲ್ಲೇ ನಿಂತು, ಮನೆಯಲ್ಲಿರುವ ಯಾವ ಮೂರು ಬಟ್ಟೆಗಳ ಜೊತೆ ಇದು ಹೊಂದುತ್ತದೆ ಅಂತ ಹೆಸರಿಟ್ಟು ಹೇಳಿಕೊಳ್ಳಿ. ಮೂರು ಸಿಗದಿದ್ದರೆ ಅಲ್ಲೇ ಇಟ್ಟು ಬನ್ನಿ.

ಮಳೆ ಬಂದಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆಯೇ ಲೆಕ್ಕ. ಸ್ಯೂಡ್ ಚರ್ಮದ ಬ್ಯಾಗು, ಶೂ ಈಗ ಎಲ್ಲ ಕಡೆ ಬಂದಿವೆ. ಅವಕ್ಕೆ ನೀರು ತಾಗಿದರೆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಮಳೆಗಾಲ ಮುಗಿಯುವ ತನಕ ತರಲೇಬೇಡಿ. ಈ ನಾಲ್ಕು ತಿಂಗಳು ಬಣ್ಣ ಮತ್ತು ಪದರದ ಟ್ರೆಂಡ್ ಮಾತ್ರ ಇಟ್ಟುಕೊಳ್ಳಿ. ಗಾಢ ಬಣ್ಣದ, ಬೇಗ ಒಣಗುವ ತೆಳು ಬಟ್ಟೆ, ಪಾದದ ಗಂಟಿನ ಮೇಲೆ ನಿಲ್ಲುವ ಪ್ಯಾಂಟು. ಮೇಲಿನ ಪದರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ಹೋಗಿ, ಆಫೀಸು ಸೇರಿದ ಮೇಲೆ ಹಾಕಿ.

ಇಳಕಲ್, ಖಣ ಹಾಕಿ ಹೊಲಿಸಿದ್ದನ್ನು ಮೊದಲ ಕೆಲವು ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಬಣ್ಣ ಬಿಡುತ್ತದೆ. ನೆರಳಿನಲ್ಲಿ ಒಣಗಿಸಿ. ಕೊಲ್ಹಾಪುರಿ ಚಪ್ಪಲಿಗೆ ನೀರು ಕುಡಿಸಬೇಡಿ. ಮೇ ಕೊನೆಗೆ ಒಂದು ದಿನ ಒಣಬಟ್ಟೆಯಿಂದ ಒರೆಸಿ, ಬೆರಳ ತುದಿಯಲ್ಲಿ ಸ್ವಲ್ಪ ಎಣ್ಣೆ ಸವರಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಮೇಲಿನ ಅರೆಯಲ್ಲಿ ಇಡಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಬೂಸ್ಟು ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ತೆಗೆದು ಫ್ಯಾನ್ ಕೆಳಗೆ ಗಾಳಿಗಿಡಿ. ನವರಾತ್ರಿಗೆ ಕೆಳಗಿಳಿಸಿದಾಗ ಉಂಗುಷ್ಟ ಗಟ್ಟಿಯಾಗಿದ್ದರೆ ಮತ್ತೆ ಒಂದು ಹನಿ ಎಣ್ಣೆ ಹಚ್ಚಿ, ಮನೆಯೊಳಗೇ ಎರಡು ಸಂಜೆ ಹಾಕಿಕೊಂಡು ಓಡಾಡಿ. ಮೂರನೆಯ ದಿನ ಸ್ಟೇಷನ್ನಿಗೆ ಹಾಕಿಕೊಂಡು ಹೋಗಬಹುದು.